ಎರಡು ತಾಲ್ಲೂಕಿನ ಒಂದು ಗೋಲು

ಹುಣಸೇಕಟ್ಟೆಯ ಧರ್ಮಪ್ಪನವರು ತಮ್ಮ ಐವತ್ತೆಂಟು ವರ್ಷಗಳಲ್ಲಿ ಎಷ್ಟು ಮಹಜರುಗಳಿಗೆ ಪಂಚರಾಗಿ ಸಹಿ ಹಾಕಿದ್ದಾರೆ ಎಂಬುದು ಅವರಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಬಿದ್ದ ಗೋಡೆ, ಕಳುವಾದ ಪಂಪ್‌ಸೆಟ್, ಸಿಡಿಲಿಗೆ ಸತ್ತ ಎಮ್ಮೆ, ಒತ್ತುವರಿಯಾದ ಬದು, ಯಾವುದೇ ಇರಲಿ, ಅಧಿಕಾರಿಗಳು ಸ್ಥಳಕ್ಕೆ ಬಂದು ಕಂಡದ್ದನ್ನು ಬರೆದಾಗ "ಹೌದು, ನಾವೂ ಕಂಡೆವು" ಎನ್ನಲು ಊರಿನ ಇಬ್ಬರ ಸಹಿ ಬೇಕು. ಎರಡನೆಯವರು ಯಾರಾದರೂ ಆಗಬಹುದಿತ್ತು. ಮೊದಲನೆಯವರು ಮಾತ್ರ ಯಾವಾಗಲೂ ಧರ್ಮಪ್ಪನವರೇ.

ಅದಕ್ಕೆ ಕಾರಣ ಅವರ ಸಹಿ. ಶುರುವಿನಲ್ಲಿ ಒಂದು ಸುಳಿ, ನಡುವೆ ಯಾರಿಗೂ ಓದಲಾಗದ ಒಂದು ಗಂಟು, ಕೊನೆಗೆ ಅಡಿಗೆರೆ, ಅದರ ಕೆಳಗೆ ಎರಡು ಚುಕ್ಕಿ. ಆ ಸಹಿ ಬಿದ್ದ ಕಾಗದಕ್ಕೆ ಒಂದು ಗಾಂಭೀರ್ಯ ಬರುತ್ತದೆ ಎಂದು ಅವರು ನಂಬಿದ್ದರು. ಕಾಗದದಲ್ಲಿ ಏನಿದೆ ಎಂದು ಓದುವುದು ಬರೆದವರ ಮೇಲೆ ಅನುಮಾನ ಪಟ್ಟಂತೆ ಎಂದೂ ನಂಬಿದ್ದರು. ಪ್ರತಿ ಮಹಜರಿನ ಕೊನೆಯಲ್ಲಿ "ಓದಿ ಹೇಳಿದ್ದನ್ನು ಕೇಳಿ ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇವೆ" ಎಂಬ ಸಾಲು ಇರುತ್ತದೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಓದಿದ್ದರೆ ತಾನೆ!

ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಅವರು ಬಸ್‌ಸ್ಟಾಪಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದಾಗ ಗ್ರಾಮ ಆಡಳಿತಾಧಿಕಾರಿ ತೀರ್ಥೇಶ್ ಬೈಕು ನಿಲ್ಲಿಸಿದ. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗ, ಇನ್ನೂ ನಿಯಮದ ಪ್ರಕಾರ ನಡೆಯುವ ಅಭ್ಯಾಸವಿತ್ತು.

"ಧರ್ಮಣ್ಣ, ಒಂದು ಮಹಜರಿತ್ತು."

"ಕೊಡ್ರಿ."

"ಒಂದ್ಸಲ ಓದ್ತೀನಿ, ಕೇಳಿಬಿಡ್ರಿ."

"ನೀವು ಬರೆದದ್ದನ್ನ ನಾನು ಅನುಮಾನ ಪಡೋದಾ? ಕೊಡ್ರಿ ಅಂದ್ರೆ. ಕೈ ಎಣ್ಣೆ ಐತಿ, ತಡೀರಿ, ಒರೆಸ್ಕೊಂತೀನಿ."

ಒರೆಸಿಕೊಂಡರು. ಸುಳಿ, ಗಂಟು, ಗೆರೆ, ಚುಕ್ಕಿ, ಚುಕ್ಕಿ. ಮಂಡಕ್ಕಿ ಮುಂದುವರಿಯಿತು.

ನಾಲ್ಕನೇ ದಿನ ಪಂಚಾಯ್ತಿ ಕಚೇರಿಯ ಗೋಡೆಗೆ ಒಂದು ನೋಟೀಸು ಅಂಟಿತು. ಊರಿನ ಹೊರಗಿರುವ ಸ್ಟೇಡಿಯಂ ಜಾಗದಲ್ಲಿ ಜೋಳ ಹರಡಿದ್ದು, ಬಹುಕಾಲದಿಂದ ಯಾವ ಆಟವೂ ನಡೆಯುತ್ತಿಲ್ಲವೆಂದು ಸ್ಥಳ ಮಹಜರಿನಿಂದ ಕಂಡುಬಂದಿರುವ ಕಾರಣ, ಸದರಿ ಜಾಗವನ್ನು ಗೋದಾಮು ಕಟ್ಟಲು ಮಂಜೂರು ಮಾಡುವ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಎಂದು ಅದರಲ್ಲಿತ್ತು. ಊರಿಗೆ ಊರೇ ನೋಟೀಸಿನ ಮುಂದೆ ನೆರೆಯಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಸಿಟ್ಟಿಗೆದ್ದವರು ಧರ್ಮಪ್ಪನವರು. ಸಿಟ್ಟಿಗೇಳುವ ಅಧಿಕಾರ ಅವರಿಗಿತ್ತು. ಹನ್ನೊಂದು ವರ್ಷದಿಂದ ಫುಟ್‌ಬಾಲ್ ಸಂಘದ ಅಧ್ಯಕ್ಷರು ಅವರೇ.

"ಆಟ ನಡೀತಿಲ್ಲ ಅಂತ ಯಾವನ್ರೀ ಸಹಿ ಹಾಕಿದವನು? ಈ ಊರಲ್ಲಿ ಹುಟ್ಟಿದವನಾ? ಈ ಊರ ನೀರು ಕುಡಿದವನಾ? ಅವನ ಹೆಸರು ಹೇಳ್ರಿ, ಈಗಲೇ ಅವನ ಮನೆ ಮುಂದೆ ಹೋಗಿ ಕೇಳ್ತೀನಿ!"

ಅವರ ತಮ್ಮನ ಮಗ ಯತೀಶ, ಊರ ತಂಡದ ಕ್ಯಾಪ್ಟನ್, ನೋಟೀಸಿನ ಜೊತೆ ಲಗತ್ತಿಸಿದ್ದ ಮಹಜರಿನ ಪ್ರತಿಯನ್ನು ಕೆಳಗಿನವರೆಗೂ ಓದಿದ. ಓದಿ ಒಮ್ಮೆ ಕೆಮ್ಮಿದ.

"ದೊಡ್ಡಪ್ಪ, ಒಂದನೇ ಪಂಚರು, ಧರ್ಮಪ್ಪ ಬಿನ್ ಉಜ್ಜಪ್ಪ."

ಗುಂಪಿನ ಹಿಂದಿನಿಂದ ಯಾರೋ, "ನಡೀರಿ ಧರ್ಮಣ್ಣ, ಅವನ ಮನೆ ಮುಂದೆ ಹೋಗಾಣ, ದಾರಿ ನಿಮಗೇ ಗೊತ್ತು," ಎಂದರು.

ಮನೆಯಲ್ಲಿ ಹೆಂಡತಿ ವರದಮ್ಮನಿಗೆ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ಆಕೆ ಕೂಗಾಡಲಿಲ್ಲ. ತಟ್ಟೆಗೆ ರೊಟ್ಟಿ ಹಾಕುತ್ತಾ ಒಂದೇ ಮಾತು ಕೇಳಿದಳು.

"ಈ ಮನೇಲಿ ವರದಮ್ಮ ಅನ್ನೋ ಹೆಂಗಸೇ ಇಲ್ಲ ಅಂತ ನಾಳೆ ಯಾರಾದ್ರೂ ಬರ್ಕೊಂಡು ಬಂದ್ರೆ, ಅದಕ್ಕೂ ಹಾಕ್ತೀರಾ?"

ಧರ್ಮಪ್ಪನವರು ರೊಟ್ಟಿ ಮುರಿಯದೆ ಎದ್ದರು. "ಸ್ಟೇಡಿಯಂ ಉಳಿಸಿಯೇ ಊಟ," ಎಂದರು. ನಂತರ ಸ್ವಲ್ಪ ಯೋಚಿಸಿ, ಅದಕ್ಕೆ ವಾರಗಟ್ಟಲೆ ಹಿಡಿಯಬಹುದೆಂದು ತೋರಿದ್ದರಿಂದ, ಕೂತು ಊಟ ಮಾಡಿದರು. ಆದರೆ ನಿರ್ಧಾರ ಮಾತ್ರ ಬದಲಾಗಲಿಲ್ಲ.

ಈ ಸ್ಟೇಡಿಯಂ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಶಿರಾಳಕೊಪ್ಪದಿಂದ ಆನವಟ್ಟಿ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ ಎರಡು ಕಿಲೋಮೀಟರು. ಒಟ್ಟು ನಾಲ್ಕು ಎಕರೆ. ಇದರಲ್ಲಿ ಎರಡು ಎಕರೆ ಆರು ಗುಂಟೆ ಶಿಕಾರಿಪುರ ತಾಲ್ಲೂಕಿನ ಹುಣಸೇಕಟ್ಟೆಗೆ ಸೇರಿದ್ದು, ಒಂದು ಎಕರೆ ಮೂವತ್ನಾಲ್ಕು ಗುಂಟೆ ಸೊರಬ ತಾಲ್ಲೂಕಿನ ಕಣಗಲಕೊಪ್ಪಕ್ಕೆ ಸೇರಿದ್ದು. ೧೯೯೬ರಲ್ಲಿ ಎರಡೂ ಊರಿನವರು ಸೇರಿ ಕಟ್ಟಿಸಿದ ಐದು ಮೆಟ್ಟಿಲಿನ ಕಲ್ಲಿನ ಗ್ಯಾಲರಿ ಇದೆ. ಅದಿರುವುದರಿಂದಲೇ ಇದು ಮೈದಾನವಲ್ಲ, ಸ್ಟೇಡಿಯಂ. ಮೈದಾನದ ಅರ್ಧಗೆರೆಯೇ ತಾಲ್ಲೂಕಿನ ಗಡಿ. ಸರ್ವೆಯವರು ನೆಟ್ಟ ಗಡಿಕಲ್ಲು ನಡುವೃತ್ತದ ಒಳಗೇ ನಿಂತಿದೆ. ಅದನ್ನು ಕೀಳುವುದು ಅಪರಾಧವಾದ್ದರಿಂದ ಕೀಳಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅದರಷ್ಟು ಚೆಂಡು ತಡೆದ ಆಟಗಾರ ಎರಡೂ ಊರಿನಲ್ಲಿ ಹುಟ್ಟಿಲ್ಲ. ವಿರಾಮದ ನಂತರ ಇಲ್ಲಿ ತಂಡಗಳು ಕಡೆ ಬದಲಿಸುವುದೂ ಇಲ್ಲ. ಬೇರೆ ತಾಲ್ಲೂಕಿನ ಗೋಲನ್ನು ನಾವ್ಯಾಕೆ ಕಾಯಬೇಕು ಎಂಬುದು ಎರಡೂ ಕಡೆಯವರ ವಾದ.

ಮರುದಿನ ಧರ್ಮಪ್ಪನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ ನಾಗರಾಜಪ್ಪನವರ ಮೇಜಿನ ಮುಂದೆ ನಿಂತರು. ನಾಗರಾಜಪ್ಪನವರು ನಿವೃತ್ತಿಗೆ ಹತ್ತಿರವಾಗಿದ್ದ, ಯಾವುದಕ್ಕೂ ಅವಸರಪಡದ ಮನುಷ್ಯ. ಎಡಗೈಯಲ್ಲಿ ಮಹಜರು, ಬಲಗೈಯಲ್ಲಿ ಆಕ್ಷೇಪಣೆ ಹಿಡಿದು ಎರಡನ್ನೂ ಓದಿದರು.

"ಇದರಲ್ಲಿ ಆಟ ನಡೀತಿಲ್ಲ ಅಂತೀರಿ. ಇದರಲ್ಲಿ ನಡೀತೈತಿ ಅಂತೀರಿ. ಎರಡೂ ನೀವೇ."

"ಅದು ಪಂಚನಾಗಿ ಸಾರ್. ಇದು ಅಧ್ಯಕ್ಷನಾಗಿ."

"ಅವರಿಬ್ಬರೂ ಒಬ್ಬರಿಗೊಬ್ಬರು ಮಾತಾಡಲ್ವೇನ್ರೀ?"

ಧರ್ಮಪ್ಪನವರು ತಲೆ ಬಗ್ಗಿಸಿದರು. "ಸಾರ್, ಆ ಸಹಿ ಹೊಡೆದು ಹಾಕಿಬಿಡ್ರಿ."

"ಮಹಜರು ಹೊಡೆದು ಹಾಕೋಕೆ ಬರಲ್ಲ. ಮಹಜರನ್ನ ಅಲ್ಲಗಳೆಯೋದು ಇನ್ನೊಂದು ಮಹಜರು ಮಾತ್ರ. ಮುಂದಿನ ಗುರುವಾರ ನಾಲ್ಕು ಗಂಟೆಗೆ ನಾನೇ ಸ್ಥಳಕ್ಕೆ ಬರ್ತೀನಿ. ಆಟ ಕಂಡರೆ ಆಟ ಅಂತ ಬರೀತೀನಿ. ಜೋಳ ಕಂಡರೆ ಜೋಳ ಅಂತ ಬರೀತೀನಿ. ಅರ್ಧ ಜಾಗ ಸೊರಬದ್ದು, ಅಲ್ಲಿಯ ಕಂದಾಯ ನಿರೀಕ್ಷಕರೂ ಬರಬೇಕು. ಈ ನಮೂನೆಯಲ್ಲಿ ಸ್ಟೇಡಿಯಂನ ಇತಿಹಾಸ ಮತ್ತು ಉಪಯೋಗ ಅಂತ ಕಾಲಂ ಇದೆ, ತುಂಬಿಸಿ ಇಟ್ಟಿರ್ರಿ. ಮತ್ತೆ, ಸಹಿ ಹಾಕೋ ಮುಂಚೆ ಓದ್ರಿ."

ಇತಿಹಾಸ ಬರೆಯುವುದು ಇಷ್ಟು ಕಷ್ಟವೆಂದು ಧರ್ಮಪ್ಪನವರಿಗೆ ಗೊತ್ತಿರಲಿಲ್ಲ. ಸಂಘದ ರಿಜಿಸ್ಟರಿನ ಮೊದಲ ಪುಟದಲ್ಲಿ ಉದ್ಘಾಟನೆಯ ವಿವರವಿತ್ತು, ಎರಡನೇ ಪುಟದಿಂದ ಯಾರೋ ಹಾಲಿನ ಡೈರಿಯ ವಿವರ ಬರೆದಿದ್ದರು. ಕೊನೆಗೆ ನೆರವಿಗೆ ಬಂದವನು ಕುರಿ ಸಾಕುವ ಗುತ್ಯಪ್ಪ. ಅವನ ನೂರಿಪ್ಪತ್ತು ಕುರಿ ವರ್ಷವಿಡೀ ಸ್ಟೇಡಿಯಂನಲ್ಲೇ ಮೇಯುತ್ತಿದ್ದವು. ಹುಲ್ಲು ಮಟ್ಟವಾಗಿದ್ದರೆ ಅದಕ್ಕೆ ಅವೇ ಕಾರಣ.

"ನಲವತ್ತೊಂದು ಮ್ಯಾಚು," ಎಂದ ಗುತ್ಯಪ್ಪ, ಒಂದು ಕ್ಷಣವೂ ಯೋಚಿಸದೆ.

"ಹೆಂಗೆ ಹೇಳ್ತೀಯೋ?"

"ನಲವತ್ತೊಂದು ಸಲ ನನ್ನ ಕುರಿ ಎಬ್ಸಿದೀರಲ್ಲ ಧರ್ಮಣ್ಣ. ಎಬ್ಸಿದೋರಿಗೆ ಮರೆತು ಹೋಗ್ತತಿ, ಎದ್ದೋರಿಗೆ ಮರೆಯಲ್ಲ. ಅದರಾಗ ಏಳು ಅರ್ಧಕ್ಕೆ ನಿಂತವು. ಜಾಲಿಮುಳ್ಳಿಗೆ ಚೆಂಡು ಒಡೆದು ನಾಕು, ಹೆಜ್ಜೇನು ಎದ್ದು ಎರಡು, ಸಾವಿನ ಸುದ್ದಿ ಬಂದು ಒಂದು. ಈಸೂರಿನೋರು ಬಂದಾಗ ನೀವು ಆರು ಗೋಲಲ್ಲಿ ಸೋತ್ರಿ."

"ಅದನ್ನ ಬರೆಯೋದು ಬ್ಯಾಡ ಬಿಡು."

"ಬರೀರಿ, ಅದರಾಗೇನು ನಾಚಿಕೆ? ಬ್ರಿಟಿಷರಿಗೇ ಬಗ್ಗದೋರು ಯತೀಶಂಗೆ ಬಗ್ತಾರಾ?"

ಬರೆದರು. ಆದರೆ ಇತಿಹಾಸಕ್ಕಿಂತ ದೊಡ್ಡ ತೊಡಕು ಉಪಯೋಗದ್ದು. ಕೊಯ್ಲು ಮುಗಿದಿತ್ತು. ಗೋಲಿನಿಂದ ಗೋಲಿನವರೆಗೆ ಎರಡೂ ಊರಿನ ಮೆಕ್ಕೆಜೋಳ ಹರಡಿತ್ತು, ಗ್ಯಾಲರಿಯ ಐದೂ ಮೆಟ್ಟಿಲ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ತೀರ್ಥೇಶ್ ಸುಳ್ಳೇನೂ ಬರೆದಿರಲಿಲ್ಲ. ಧರ್ಮಪ್ಪನವರು ಮನೆ ಮನೆಗೆ ಹೋಗಿ ಕೈಮುಗಿದರು. ಎಲ್ಲರೂ ಸ್ಟೇಡಿಯಂಗಾಗಿ ಪ್ರಾಣ ಕೊಡಲು ಸಿದ್ಧರಿದ್ದರು. ಜೋಳ ತೆಗೆಯಲು ಸಿದ್ಧರಿರಲಿಲ್ಲ. ಅತಿ ಹೆಚ್ಚು ಜೋಳ ಹರಡಿದ್ದವಳು ಕಣಗಲಕೊಪ್ಪದ ಲೋಕಮ್ಮ. ಸೊರಬದ ಕಡೆಯ ಪೆನಾಲ್ಟಿ ಜಾಗ ಪೂರ್ತಿ ಅವಳದೇ.

"ಸ್ಟೇಡಿಯಂ ಹೋಗೂಕೆ ಬಿಡಬೇಡಿ ಧರ್ಮಣ್ಣ. ನಾ ಬೇಕಾರೆ ರಸ್ತೇಲಿ ಮಲಗ್ತೆ. ಅದು ಹೋದ್ರೆ ನಾ ಜೋಳ ಎಲ್ಲಿ ಒಣಗಿಸೂದು?"

"ಹಂಗಾದ್ರೆ ಗುರುವಾರ ಒಂದಿನ ಜೋಳ ತೆಗಿಯಮ್ಮ."

"ಜೋಳ ತೆಗೆದ ಮೇಲೆ ಸ್ಟೇಡಿಯಂ ಯಾಕೆ ಬೇಕು ಮಾರಾಯ್ರೆ?"

ಇಂಥ ಪ್ರಶ್ನೆಗೆಲ್ಲ ಕೆಲಸ ನಿಲ್ಲಿಸುವ ಜಾತಿಯಲ್ಲ ಧರ್ಮಪ್ಪನವರು. ಬುಧವಾರ ಬೆಳಗಾಗುತ್ತಲೇ ಮರದ ಹಲುಬೆ ಹಿಡಿದು ಒಬ್ಬರೇ ಜೋಳ ಗುಡಿಸಲು ನಿಂತರು. ಹುಣಸೇಕಟ್ಟೆಯವರು ಮೆಣಸಿನಕಾಯಿ ಸರಿಸಿ ಗ್ಯಾಲರಿಯಲ್ಲಿ ಕೂತು ನೋಡಿದರು. ಹತ್ತು ಗಂಟೆಗೆ ವರದಮ್ಮ ಬುತ್ತಿ ತಂದಳು. ಗಂಡ ಗಡಿಕಲ್ಲಿಗೆ ಒರಗಿ ಸೊಂಟ ಹಿಡಿದುಕೊಂಡಿದ್ದನ್ನು ನೋಡಿ ಬುತ್ತಿಯನ್ನು ಕಲ್ಲಿನ ಮೇಲಿಟ್ಟಳು. ಸೆರಗು ಸಿಕ್ಕಿಸಿ ಹಲುಬೆ ಕಿತ್ತುಕೊಂಡಳು.

"ಸಹಿ ಹಾಕಿದ್ದು ಇವರು. ಗೋದಾಮು ಬಂದ್ರೆ ಬೀದಿಗೆ ಬೀಳೋದು ಎಲ್ಲರ ಜೋಳ," ಎಂದು ಗ್ಯಾಲರಿಗೆ ಕೇಳುವಂತೆ ಹೇಳಿದಳು. ಗ್ಯಾಲರಿ ಒಂದೊಂದೇ ಮೆಟ್ಟಿಲಾಗಿ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಲೋಕಮ್ಮನೂ ಬಂದಳು, ಬೈಯುತ್ತಲೇ. ಸಂಜೆಗೆ ಜೋಳವೆಲ್ಲ ಮೈದಾನದ ಸುತ್ತ ಗುಡ್ಡೆಯಾಗಿ ನಿಂತಿತು. ಮೊಟ್ಟಮೊದಲ ಬಾರಿಗೆ ಸ್ಟೇಡಿಯಂಗೆ ಕಾಂಪೌಂಡ್ ಬಂದಂತೆ ಕಂಡಿತು.

ಗುರುವಾರ ನಾಲ್ಕಕ್ಕೆ ಸರಿಯಾಗಿ ಎರಡು ಜೀಪು ಎರಡು ದಿಕ್ಕಿನಿಂದ ಬಂದವು. ಶಿಕಾರಿಪುರದ ನಾಗರಾಜಪ್ಪನವರು ಗ್ಯಾಲರಿಯಲ್ಲಿ ತಮ್ಮ ತಾಲ್ಲೂಕಿನ ಕಡೆಗೆ ಕೂತರು. ಸೊರಬದ ಕಂದಾಯ ನಿರೀಕ್ಷಕ ಮಾಳೇಶ ತಮ್ಮ ತಾಲ್ಲೂಕಿನ ಕಡೆಗೆ. ನಡುವೆ ಎರಡು ಮಾರು ಅಂತರ. ಅವರವರ ವ್ಯಾಪ್ತಿಯಲ್ಲಿ ನಡೆದದ್ದನ್ನು ಮಾತ್ರ ಅವರವರು ಬರೆಯತಕ್ಕದ್ದೆಂದು ಮೊದಲೇ ಒಪ್ಪಂದವಾಯಿತು. ಚೆಂಡು ಗಡಿ ದಾಟಿದೊಡನೆ ಇವರು ಪೆನ್ನು ಮುಚ್ಚಿ ಆಕಾಶ ನೋಡುವರು, ಅವರು ಪೆನ್ನು ಬಿಚ್ಚುವರು. ನಾಗರಾಜಪ್ಪನವರ ಬರಹದ ಒಂದು ಸಾಲು ಇಂದಿಗೂ ಫೈಲಿನಲ್ಲಿದೆ. "೪ ಗಂಟೆ ೧೨ ನಿಮಿಷಕ್ಕೆ ಆಟಗಾರರೆಲ್ಲರೂ ಚೆಂಡಿನ ಸಮೇತ ಪಕ್ಕದ ತಾಲ್ಲೂಕಿಗೆ ತೆರಳಿದ್ದು, ೪ ಗಂಟೆ ೧೯ ನಿಮಿಷದವರೆಗೆ ಮರಳಿರುವುದಿಲ್ಲ."

ಹುಣಸೇಕಟ್ಟೆಗೆ ಯತೀಶನ ತಂಡ. ಕಣಗಲಕೊಪ್ಪಕ್ಕೆ ಒಬ್ಬ ಕಡಿಮೆ ಬಿದ್ದಿದ್ದರಿಂದ ಮಾಳೇಶರ ಜೀಪಿನ ಡ್ರೈವರ್ ಇಳಿದ. ಸೀಟಿ ಊದುವ ಹೊಣೆ ಹೋಟೆಲಿನ ಭಟ್ಟರದು. ಅವರಿಗೆ ನಿಯಮ ಗೊತ್ತಿರಲಿಲ್ಲ, ಆದರೆ ಎರಡೂ ಊರಿಗೆ ಮಂಡಕ್ಕಿ ಹಾಕುತ್ತಿದ್ದುದರಿಂದ ಪಕ್ಷಪಾತಿ ಎನ್ನುವಂತಿರಲಿಲ್ಲ. ಮೊದಲರ್ಧ ಸೊನ್ನೆ-ಸೊನ್ನೆ. ವಿರಾಮದ ಹೊತ್ತಿಗೆ ಅಧಿಕಾರಿಗಳ ನಡುವಿನ ಅಂತರ ಒಂದು ಮಾರಿಗೆ ಇಳಿದಿತ್ತು.

"ನಿಮ್ಮೋರು ಎಂಥ ಒದೀತಾರೆ ಮಾರಾಯ್ರೆ, ಚೆಂಡನ್ನ ಬಿಟ್ಟು ಬೇರೆ ಎಲ್ಲಾನೂ," ಎಂದರು ಮಾಳೇಶ.

"ನಿಮ್ಮ ಡ್ರೈವರ್ರು ಹಾರ್ನ್ ಹೊಡೀದೇ ಓವರ್‌ಟೇಕ್ ಮಾಡ್ತಾನಲ್ರೀ," ಎಂದರು ನಾಗರಾಜಪ್ಪ.

ಧರ್ಮಪ್ಪನವರು ಖುಷಿಯಿಂದ ನಾಗರಾಜಪ್ಪನವರ ಪಕ್ಕಕ್ಕೆ ಸರಿದರು. "ಸಾರ್, ಆಟ ಕಂಡಿತಲ್ಲ. ಇನ್ನು ಸ್ಟೇಡಿಯಂ ನಮ್ದೇ ಅಲ್ವಾ?"

ನಾಗರಾಜಪ್ಪನವರು ಕನ್ನಡಕ ತೆಗೆದರು. "ನೋಡ್ರಿ ಧರ್ಮಪ್ಪ, ಸುಳ್ಳು ಹೇಳಬಾರದು. ಕಂಡದ್ದು ಬರೆಯೋದು ನನ್ನ ಕೆಲಸ. ಆಟ ಮುಗಿದು, ಫಲಿತಾಂಶ ಬರೆದು, ಮಹಜರು ಮುಗಿಸಿದ ಕೂಡ್ಲೇ ಫೈಲು ಮೇಲಕ್ಕೆ ಹೋಗ್ತತಿ. ಅಲ್ಲಿ ನಿಮ್ಮ ಹಳೇ ಮಹಜರೂ ಇರ್ತತಿ, ಇದೂ ಇರ್ತತಿ. ಯಾವುದನ್ನ ನಂಬ್ತಾರೋ. ಗೋದಾಮಿನೋರೂ ಮೇಲೇನೇ ಕೂತಾರೆ."

ಧರ್ಮಪ್ಪನವರು ಇನ್ನೂ ಹತ್ತಿರ ಸರಿದರು. "ಮುಗೀದಿದ್ರೆ ಸಾರ್?"

"ಏನು ಮುಗೀದಿದ್ರೆ?"

"ಮಹಜರು."

"ಮುಗೀದಿದ್ರೆ ಫೈಲು ನನ್ನ ಬೀರುವಿನಾಗೆ ಇರ್ತತಿ. ಮುಗೀದೇ ಇರೋ ಮಹಜರಿನ ಮೇಲೆ ಯಾರೂ ಆರ್ಡರ್ ಹಾಕೋಕೆ ಬರಲ್ಲ. ಆದ್ರೆ ಆಟ ಅಂದ ಮೇಲೆ ಮುಗೀಲೇಬೇಕಲ್ರೀ."

ಎರಡನೆಯ ಅರ್ಧ ಶುರುವಾಯಿತು. ಧರ್ಮಪ್ಪನವರಿಗೆ ಆಟ ಕಾಣಲಿಲ್ಲ. ಮೂವತ್ತು ವರ್ಷದ ಮಹಜರುಗಳು ಅವರ ತಲೆಯಲ್ಲಿ ಓಡುತ್ತಿದ್ದವು. ಅವುಗಳಲ್ಲಿ ಬೇಗ ಇತ್ಯರ್ಥವಾದದ್ದು ಯಾವುದು? ಎಲ್ಲರೂ ಒಪ್ಪಿದ್ದು. ಇವತ್ತಿಗೂ ಇತ್ಯರ್ಥವಾಗದೆ ಉಳಿದದ್ದು ಯಾವುದು? ಒಬ್ಬನಾದರೂ ಎದ್ದು ನಿಂತು ತಕರಾರು ಎಂದದ್ದು. ಮೇಲಿನಕೇರಿಯ ಬದುವಿನ ತಕರಾರು ಹೂಡಿದವನು ತೀರಿಕೊಂಡು ಹದಿನಾಲ್ಕು ವರ್ಷವಾಗಿದ್ದರೂ ಬದು ಇನ್ನೂ ಅಲ್ಲಾಡಿರಲಿಲ್ಲ.

ಕೊನೆಗೆ ಎರಡು ನಿಮಿಷವಿತ್ತು. ಹುಣಸೇಕಟ್ಟೆಯ ಗೋಲ್‌ಕೀಪರ್ ತನ್ನ ಗೋಲಿನ ಮುಂದಿನಿಂದ ಒದ್ದ ಚೆಂಡು ಗಡಿಕಲ್ಲಿನ ಮೇಲಿಂದ ಹಾರಿತು. ಸೊರಬದ ಕಡೆ ನಿಂತಿದ್ದ ಯತೀಶನ ಕಾಲಿಗೆ ಬಂದು ಬಿತ್ತು. ಯತೀಶ ಎರಡು ಹೆಜ್ಜೆ ಓಡಿ ಒದ್ದ. ಗೋಲು!

ಹುಣಸೇಕಟ್ಟೆ ಹುಚ್ಚೆದ್ದಿತು. ವರದಮ್ಮ ಲೋಕಮ್ಮನನ್ನೇ ತಬ್ಬಿಕೊಂಡಳು. ಎದುರಾಳಿ ಊರಿನವಳೆಂದು ಇಬ್ಬರಿಗೂ ಆಮೇಲೆ ನೆನಪಾಯಿತು. ಭಟ್ಟರು ಸೀಟಿ ಬಾಯಿಗಿಟ್ಟರು. ನಾಗರಾಜಪ್ಪನವರು "ಪಂದ್ಯ ಮುಕ್ತಾಯ" ಎಂದು ಬರೆಯಲು "ಪಂ" ಎಂಬಷ್ಟು ಬರೆದರು.

"ತಕರಾರು!"

ಇಡೀ ಸ್ಟೇಡಿಯಂ ತಿರುಗಿ ನೋಡಿತು. ಗ್ಯಾಲರಿಯ ಮೇಲಿನ ಮೆಟ್ಟಿಲಿನಲ್ಲಿ ಕೈ ಎತ್ತಿ ನಿಂತಿದ್ದವರು ಗೆದ್ದ ಊರಿನ ಧರ್ಮಪ್ಪನವರು.

"ಏನು ತಕರಾರು?" ಎಂದರು ನಾಗರಾಜಪ್ಪ.

"ಆಫ್‌ಸೈಡ್."

ಟಿವಿಯಲ್ಲಿ ಕೇಳಿದ ಪದ. ಹಾಗೆಂದರೇನೆಂದು ಅವರಿಗೆ ಅರ್ಧ ಗೊತ್ತಿತ್ತು. ಆ ಸ್ಟೇಡಿಯಂನಲ್ಲಿ ಉಳಿದವರಿಗೆ ಅಷ್ಟೂ ಗೊತ್ತಿರಲಿಲ್ಲ. ಪೂರ್ತಿ ಗೊತ್ತಿದ್ದವನು ಮಾಳೇಶರ ಡ್ರೈವರ್ ಒಬ್ಬನೇ. ಚೆಂಡು ಒದ್ದ ಆ ಕ್ಷಣದಲ್ಲಿ ಯತೀಶ ಎದುರಾಳಿಗಳನ್ನು ದಾಟಿ ಮುಂದೆ ನಿಂತಿದ್ದರೆ ಗೋಲಿಲ್ಲ, ಹಿಂದೆ ನಿಂತಿದ್ದರೆ ಗೋಲು ಎಂದು ಅವನು ವಿವರಿಸಿದ.

"ದೊಡ್ಡಪ್ಪ!" ಯತೀಶ ಮೈದಾನದಿಂದಲೇ ಕೂಗಿದ. "ನಿನಗೇನು ತಲೆ ಕೆಟ್ಟೈತಾ? ನಮ್ಮ ಗೋಲು ಅದು!"

"ಅಧ್ಯಕ್ಷನಿಗೆ ನಮ್ಮದು ನಿಮ್ಮದು ಇಲ್ಲ," ಎಂದರು ಧರ್ಮಪ್ಪ. ಎತ್ತಿದ ಕೈ ಇಳಿಸಲಿಲ್ಲ. "ಸಾರ್, ಚೆಂಡು ಒದ್ದದ್ದು ನೀವು ನೋಡಿದ್ರಾ?"

"ನೋಡಿದೆ. ನಮ್ಮ ತಾಲ್ಲೂಕಿನಾಗೆ. ಐದು ಗಂಟೆ ನಲವತ್ತೊಂದು ನಿಮಿಷ."

"ಆಗ ಯತೀಶ ಎಲ್ಲಿದ್ದ?"

"ಅದನ್ನ ನಾನ್ಯಾಕೆ ನೋಡ್ಲಿ? ಅವನು ಸೊರಬದಾಗಿದ್ದ."

ಧರ್ಮಪ್ಪನವರು ಇತ್ತ ತಿರುಗಿದರು. "ಮಾಳೇಶ ಸಾರ್, ಯತೀಶ ಎಲ್ಲಿ ನಿಂತಿದ್ದ?"

"ಚೆಂಡು ಬಂದಾಗ ನೋಡಿದೆ. ಅದಕ್ಕೂ ಮುಂಚೆ ನಾ ಪೆನ್ನು ಮುಚ್ಚಿ ಮೋಡ ನೋಡ್ತಿದ್ದೆ. ಚೆಂಡು ಆಚೆ ತಾಲ್ಲೂಕಲ್ಲಿತ್ತಲ್ಲ ಮಾರಾಯ್ರೆ."

ಇಬ್ಬರು ಅಧಿಕಾರಿಗಳೂ ಒಬ್ಬರ ಮುಖ ಒಬ್ಬರು ನೋಡಿದರು. ಒದ್ದದ್ದಕ್ಕೆ ಒಂದು ತಾಲ್ಲೂಕಿನಲ್ಲಿ ದಾಖಲೆಯಿತ್ತು, ಸಿಕ್ಕಿದ್ದಕ್ಕೆ ಇನ್ನೊಂದರಲ್ಲಿ. ಎರಡನ್ನೂ ಏಕಕಾಲಕ್ಕೆ ಕಂಡ ಸರ್ಕಾರಿ ಕಣ್ಣು ಒಂದೂ ಇರಲಿಲ್ಲ. ಊರಿನವರಲ್ಲಿ ಹುಣಸೇಕಟ್ಟೆಯವರೆಲ್ಲ ಹಿಂದೆ ನಿಂತಿದ್ದ ಎಂದರು, ಕಣಗಲಕೊಪ್ಪದವರೆಲ್ಲ ಮುಂದೆ ನಿಂತಿದ್ದ ಎಂದರು, ಸಂಖ್ಯೆ ಹೆಚ್ಚುಕಡಿಮೆ ಸಮವಾಗಿತ್ತು. ನಾಗರಾಜಪ್ಪನವರು ಬಹಳ ಹೊತ್ತು ಧರ್ಮಪ್ಪನವರನ್ನೇ ನೋಡಿದರು. ಅವರ ಮುಖದಲ್ಲಿ ನಗು ಬಂದಿತೋ ಬಿಸಿಲು ಬಿದ್ದಿತೋ ಹೇಳುವುದು ಕಷ್ಟ. ಆಮೇಲೆ "ಪಂ" ಎಂಬುದನ್ನು ಹೊಡೆದು ಹಾಕಿ ಬರೆದರು. "ಪಂದ್ಯವು ತಕರಾರಿನಲ್ಲಿದ್ದು, ಮಹಜರು ಅಪೂರ್ಣ. ಆಫ್‌ಸೈಡ್ ಕುರಿತು ಸ್ಪಷ್ಟನೆ ಕೋರಿ ಮೇಲಿನ ಕಚೇರಿಗೆ ಬರೆಯುವುದು."

ಆ ಸಂಜೆ ಹುಣಸೇಕಟ್ಟೆಯಲ್ಲಿ ಧರ್ಮಪ್ಪನವರ ಜೊತೆ ಮಾತಾಡಿದವರು ವರದಮ್ಮ ಒಬ್ಬಳೇ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು. ಹೇಳಿದರು. ಅವಳು ರೊಟ್ಟಿಯ ಮೇಲೆ ಇನ್ನೊಂದು ಸೌಟು ಪಲ್ಯ ಹಾಕಿದಳು. ಯತೀಶ ಮಾತ್ರ ಮೂರು ವಾರ ದೊಡ್ಡಪ್ಪನ ಅಂಗಳ ತುಳಿಯಲಿಲ್ಲ.

ನಾಲ್ಕನೇ ವಾರ ಮೇಲಿನ ಕಚೇರಿಯಿಂದ ಉತ್ತರ ಬಂತು. "ಉಭಯ ತಾಲ್ಲೂಕಿನ ಅಧಿಕಾರಿಗಳು ಜಂಟಿ ಸ್ಥಳ ಪರಿಶೀಲನೆ ನಡೆಸಿ, ಸದರಿ ಘಟನೆಯನ್ನು ಮರುಸೃಷ್ಟಿಸಿ, ವರದಿ ಸಲ್ಲಿಸುವುದು. ಅಲ್ಲಿಯವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳುವುದು." ಘಟನೆ ಮರುಸೃಷ್ಟಿಯಾಗಬೇಕಾದರೆ ಪಂದ್ಯ ಮೊದಲಿನಿಂದ ಆಡಬೇಕು, ಎಂಬತ್ತೆಂಟನೇ ನಿಮಿಷದಲ್ಲಿ ಅದೇ ಚೆಂಡು ಅದೇ ಕಾಲಿಗೆ ಬರಬೇಕು. ಡಿಸೆಂಬರಿನಲ್ಲಿ ಬರಲಿಲ್ಲ. ಜನವರಿಯಲ್ಲೂ ಬರಲಿಲ್ಲ. ಎರಡೂ ಸಲ ಉಡುತಡಿಯಿಂದಲೂ ಆನವಟ್ಟಿಯಿಂದಲೂ ಜನ ಬೈಕು ಹತ್ತಿ ಪರಿಶೀಲನೆ ನೋಡಲು ಬಂದಿದ್ದರು. ಫೆಬ್ರವರಿಯಲ್ಲಿ ಮಾಳೇಶರು ತಮ್ಮ ಡ್ರೈವರ್‌ಗೆ ಬೂಟು ತಂದರು. ನಾಗರಾಜಪ್ಪನವರು ಎರಡು ಸಲ ರಜೆ ಮುಂದೂಡಿದರು. ಇಪ್ಪತ್ತೆಂಟು ವರ್ಷದಲ್ಲಿ ನಲವತ್ತೊಂದು ಪಂದ್ಯ ಕಂಡಿದ್ದ ಸ್ಟೇಡಿಯಂ ತಿಂಗಳಿಗೊಂದರಂತೆ ಆಡತೊಡಗಿತು. ಪ್ರತಿ ಸಲ ಕುರಿ ಎಬ್ಬಿಸುವಾಗ ಗುತ್ಯಪ್ಪ, "ಮುಗಿಸ್ಬ್ಯಾಡ್ರಿ ಧರ್ಮಣ್ಣ, ಗೋದಾಮಿಗಿಂತ ಇದೇ ವಾಸಿ," ಎನ್ನುತ್ತಿದ್ದ. ಯತೀಶನಿಗೆ ಅದನ್ನು ಕೇಳಿಯೇ ವಿಷಯ ಹೊಳೆದದ್ದು.

ಜುಲೈ ತಿಂಗಳು, ಎಂಟನೇ ಸ್ಥಳ ಪರಿಶೀಲನೆ. ಸಣ್ಣ ಮಳೆ. ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್ ಒದ್ದ ಚೆಂಡು ಗಡಿ ದಾಟಿ ನೇರ ಯತೀಶನ ಬಳಿಗೆ ಬಂತು. ಈ ಸಲ ಇಬ್ಬರು ಅಧಿಕಾರಿಗಳೂ ಒಂದೇ ಕೊಡೆಯ ಕೆಳಗೆ ಕೂತು, ಒಂದೇ ಕ್ಷಣದಲ್ಲಿ ಎರಡೂ ತಾಲ್ಲೂಕು ನೋಡುತ್ತಿದ್ದರು. ಯತೀಶನ ಮುಂದೆ ಕಣಗಲಕೊಪ್ಪದ ಮೂವರಿದ್ದರು. ಯಾವ ದಿಕ್ಕಿನಿಂದ ನೋಡಿದರೂ ಆಫ್‌ಸೈಡ್ ಅಲ್ಲ. ಅವನು ಮೂವರನ್ನೂ ದಾಟಿ ಗೋಲು ಹೊಡೆದ.

ಯಾರೂ ಕುಣಿಯಲಿಲ್ಲ. ಹುಣಸೇಕಟ್ಟೆ, ಕಣಗಲಕೊಪ್ಪ ಎರಡೂ ಊರು ಗ್ಯಾಲರಿಯ ಮೇಲಿನ ಮೆಟ್ಟಿಲನ್ನು ನೋಡಿದವು. ಗೋಲು ಹೊಡೆದ ಯತೀಶನೇ ಮೊದಲು ಕೂಗಿದ. "ದೊಡ್ಡಪ್ಪ, ಏನಾದ್ರೂ ಹೇಳು!"

ಧರ್ಮಪ್ಪನವರು ಎದ್ದು ನಿಂತರು.

"ತಕರಾರು ಸಾರ್. ಮೊದಲನೇ ಗೋಲೇ ಇನ್ನೂ ಇತ್ಯರ್ಥ ಆಗಿಲ್ಲ. ಎರಡನೇದನ್ನ ಹೆಂಗೆ ಬರ್ಕೊಂತೀರಿ?"

ಮಾಳೇಶರು ನಾಗರಾಜಪ್ಪನವರ ಕಡೆ ನೋಡಿದರು. ನಾಗರಾಜಪ್ಪನವರು ಒದ್ದೆಯಾಗುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ.

"ಹೌದಲ್ರೀ," ಎಂದರು. "ಆಗಸ್ಟ್ ಹದಿನಾಲ್ಕು, ಗುರುವಾರ. ನಾಲ್ಕು ಗಂಟೆ."